ಸರ್ಚುವಿನ ಗಾಳಿಗೆ ನಿಲ್ಲುವ ಒಲೆ ಯಾವುದು?

ಅಕ್ಕ ಮತ್ತು ಭಾವ ಮುಂದಿನ ವರ್ಷ ಹಿಮಾಲಯದ ಸ್ಪಿತಿ, ಝಾಂಸ್ಕಾರ್ ಕಡೆ ಬೈಕಿನಲ್ಲಿ ದೊಡ್ಡ ಸುತ್ತು ಹೊಡೆಯಲು ತಯಾರಾಗುತ್ತಿದ್ದಾರೆ. ಢಾಬಾ ಸಿಗದ ಕಡೆ ಅವರೇ ಅಡುಗೆ ಮಾಡಿಕೊಳ್ಳಬೇಕು. ಬೈಕಿನ ಪೆಟ್ಟಿಗೆಯಲ್ಲಿ ಜಾಗ ಇರೋದು ಒಂದೇ ಒಲೆಗೆ. ಯಾವ ಒಲೆ ಅನ್ನೋದನ್ನ ಅಂಗಡಿಯಲ್ಲಿ ನಿಂತು ತೀರ್ಮಾನ ಮಾಡೋಕೆ ಆಗಲ್ಲ. ಒಂದು ಲೀಟರ್ ನೀರು ಮೂರು ನಿಮಿಷಕ್ಕೆ ಕುದಿಯುತ್ತೆ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ಅದು ಗಾಳಿಯಾಡದ ಕೋಣೆಯ ಲೆಕ್ಕ. ಬೆಟ್ಟದ ಮೇಲೆ ಗಾಳಿ ಬೀಸುವಾಗ ಆ ಲೆಕ್ಕಕ್ಕೆ ಬೆಲೆ ಇಲ್ಲ.

ಹಾಗಾಗಿ ನಮ್ಮಲ್ಲಿದ್ದದ್ದು ಒಂದಿಷ್ಟು, ಸ್ನೇಹಿತರಿಂದ ತಂದದ್ದು ಒಂದಿಷ್ಟು, ಹೀಗೆ ಮೂರು ಥರದ ಒಲೆ ಕಟ್ಟಿಕೊಂಡು ಸೆಪ್ಟೆಂಬರಿನಲ್ಲಿ ಮನಾಲಿ–ಲೇಹ್ ರಸ್ತೆ ಹಿಡಿದೆವು. ಸರ್ಚು ಆ ದಾರಿಯಲ್ಲಿ ಸಿಗುವ, ಗಾಳಿ ಬಡಿಯುವ ಎತ್ತರದ ಬಯಲು. ಮೊದಲನೆಯದು ಗ್ಯಾಸ್ ಡಬ್ಬಿಯ ತಲೆ ಮೇಲೆ ತಿರುಗಿಸಿ ಕೂರಿಸುವ ಪುಟ್ಟ ಬರ್ನರ್. ಮುಷ್ಟಿಯಲ್ಲಿ ಹಿಡಿಸುತ್ತೆ, ನೂರು ಗ್ರಾಮೂ ತೂಗಲ್ಲ. ಎರಡನೆಯದು ಪೆಟ್ರೋಲ್ ಒಲೆ. ಇದರಲ್ಲಿ ಬಾಟಲಿ ಬೇರೆ, ಬರ್ನರ್ ಬೇರೆ, ನಡುವೆ ಒಂದು ಕೊಳವೆ. ಮೂರನೆಯದು ಸ್ಪಿರಿಟ್ ಒಲೆ. ಸ್ವೀಡನ್ನಿನ ಟ್ರಾಂಗಿಯಾದವರು 1951ರಿಂದ ಮಾಡುತ್ತಿರುವ, ಸುತ್ತ ತಗಡಿನ ಗೋಡೆ ಇರುವ ಮಾದರಿ.

ಮನಾಲಿ

ಬೈಕುಗಳನ್ನು ರೈಲಿನಲ್ಲಿ ಚಂಡೀಗಢಕ್ಕೆ ಕಳಿಸಿದ್ದೆವು. ನಾವು ವಿಮಾನದಲ್ಲಿ ಹೋಗಿ, ಅಲ್ಲಿಂದ ಓಡಿಸಿಕೊಂಡು ಮನಾಲಿ ಸೇರಿದೆವು. ವಿಮಾನದಲ್ಲಿ ಗ್ಯಾಸ್ ಡಬ್ಬಿ ಒಯ್ಯುವ ಹಾಗಿಲ್ಲ. ಕೈಚೀಲದಲ್ಲೂ ಇಲ್ಲ, ಕೆಳಗೆ ಹಾಕುವ ಲಗೇಜಿನಲ್ಲೂ ಇಲ್ಲ. ಮನಾಲಿಯ ಟ್ರೆಕಿಂಗ್ ಅಂಗಡಿಗಳಲ್ಲಿ ಸಿಗುತ್ತೆ, ಅಲ್ಲೇ ಕೊಂಡರೆ ಸಾಕು.

ಅಂಗಡಿಯಲ್ಲಿದ್ದ ಹಿರಿಯರು ಎರಡು ಥರದ ಡಬ್ಬಿ ಮುಂದಿಟ್ಟರು. ಒಂದು ಉದ್ದನೆಯದು, ಅಗ್ಗ. ಇನ್ನೊಂದು ಗಿಡ್ಡ, ಮೇಲೆ ತಿರುಪು ಇರುವುದು, ಬೆಲೆ ಜಾಸ್ತಿ. "ಎಲ್ಲಿವರೆಗೆ ಹೋಗ್ತೀರಿ?" ಅಂತ ಕೇಳಿದರು. ಸರ್ಚು ಅಂದ ಕೂಡಲೇ ಉದ್ದನೆಯ ಡಬ್ಬಿಯನ್ನು ಹಿಂದಕ್ಕೆ ಇಟ್ಟುಬಿಟ್ಟರು. ಅದರಲ್ಲಿ ಇರೋದು ಬರೀ ಬ್ಯುಟೇನ್. ಸಮುದ್ರಮಟ್ಟದ ಒತ್ತಡದಲ್ಲಿ ಬ್ಯುಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಕುದಿದು ಗ್ಯಾಸ್ ಆಗುತ್ತೆ. ಅದಕ್ಕಿಂತ ಚಳಿ ಆದರೆ ಡಬ್ಬಿಯೊಳಗೆ ನೀರಿನ ಹಾಗೆ ಸುಮ್ನೆ ಕೂತಿರುತ್ತೆ. ಐಸೋಬ್ಯುಟೇನ್ ಮೈನಸ್ 11.7 ಡಿಗ್ರಿವರೆಗೆ ಗ್ಯಾಸ್ ಆಗುತ್ತೆ, ಪ್ರೊಪೇನ್ ಮೈನಸ್ 42ರವರೆಗೆ. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ ಆಗೋದರಿಂದ ಇನ್ನು ಕೆಲವು ಡಿಗ್ರಿಯ ಅನುಕೂಲ ಸಿಗುತ್ತೆ. ಆದರೂ ಡಬ್ಬಿ ತಿರುಗಿಸಿ ಲೇಬಲ್ ಓದಿ, ಪ್ರೊಪೇನ್ ಮತ್ತು ಐಸೋಬ್ಯುಟೇನ್ ಬೆರೆತದ್ದನ್ನೇ ತೆಗೆದುಕೊಳ್ಳಿ. ದುಡ್ಡು ಉಳಿಸುವ ಜಾಗ ಇದಲ್ಲ.

ಜಿಸ್ಪಾ

2020ರಲ್ಲಿ ಶುರುವಾದ ಅಟಲ್ ಸುರಂಗ 9 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ಉದ್ದ ಇದೆ. ಈ ಕಡೆ ದೇವದಾರು ಮರ, ಮೋಡ, ಜಿನುಗು ಮಳೆ. ಆ ಕಡೆ ಲಾಹೌಲ್, ಒಣ ಬೆಟ್ಟ, ಕಣ್ಣು ಕುಕ್ಕುವ ಬಿಸಿಲು. ಸುರಂಗ ಬಿಟ್ಟು ರೋಹ್ತಾಂಗ್ ಕಣಿವೆದಾರಿ ಹತ್ತಿ ಇಳಿದು ಬಂದಿದ್ದರೆ ಈ ಬದಲಾವಣೆ ಮೆಲ್ಲಗೆ ಕಾಣುತ್ತಿತ್ತು. ಸುರಂಗದಲ್ಲಿ ಅದು ಒಂದೇ ಸಲ ಎದುರಿಗೆ ಬಂದು ನಿಲ್ಲುತ್ತೆ.

ಚಂದ್ರಾ ಮತ್ತು ಭಾಗಾ ನದಿಗಳು ತಾಂಡಿಯಲ್ಲಿ ಸೇರುತ್ತವೆ. ಅಲ್ಲಿನ ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕ್, ಕ್ಯಾನ್, ಒಲೆಯ ಬಾಟಲಿ ಎಲ್ಲ ತುಂಬಿಸಿಕೊಂಡೆವು. ಒಲೆಯ ಬಾಟಲಿಯನ್ನು ಕಂಠದವರೆಗೆ ತುಂಬಬಾರದು. ಪಂಪ್ ಹೊಡೆದ ಗಾಳಿಗೆ ಜಾಗ ಬೇಕು, ಬಿಸಿಲಿಗೆ ಪೆಟ್ರೋಲ್ ಹಿಗ್ಗಿದರೆ ಅದಕ್ಕೂ ಬೇಕು.

ಜಿಸ್ಪಾದಲ್ಲಿ ಭಾಗಾ ನದಿಯ ದಂಡೆ ಮೇಲೆ ಟೆಂಟ್ ಹಾಕಿದೆವು. ಸುಮಾರು 3200 ಮೀಟರ್ ಎತ್ತರ. ಬಿಸಿಲಿಗೆ ಬೆಟ್ಟದ ಮೈ ಕಾದು ಗಾಳಿ ಮೇಲೇಳುತ್ತೆ, ಆ ಜಾಗ ತುಂಬಲು ಕಣಿವೆಯ ಕೆಳಗಿನಿಂದ ಗಾಳಿ ನುಗ್ಗಿ ಬರುತ್ತೆ. ಮಧ್ಯಾಹ್ನ ಶುರುವಾದರೆ ಸೂರ್ಯ ಮುಳುಗುವವರೆಗೆ ಬಿಡುವುದಿಲ್ಲ. ಪುಟ್ಟ ಗ್ಯಾಸ್ ಬರ್ನರಿಗೆ ಇಲ್ಲೇ ಮೊದಲ ಪರೀಕ್ಷೆ. ಸಕಲೇಶಪುರದ ಕಡೆ ಎಸ್ಟೇಟ್ ಅಂಗಳದಲ್ಲಿ ಇದೇ ಒಲೆ ಮೇಲೆ ಎಷ್ಟೋ ಸಲ ಕಾಫಿ ಕಾಯಿಸಿದ್ದೇವೆ. ಇಲ್ಲಿ ಜ್ವಾಲೆ ಪೂರ್ತಿ ಒಂದು ಪಕ್ಕಕ್ಕೆ ಮಲಗಿತು. ಒಲೆ ಭರ್ರೆಂದು ಉರಿಯುತ್ತಿದೆ, ಗ್ಯಾಸ್ ಖರ್ಚಾಗುತ್ತಿದೆ, ಪಾತ್ರೆಯ ನೀರು ಮಾತ್ರ ಉಗುರುಬೆಚ್ಚಗೆ ನಿಂತುಬಿಟ್ಟಿದೆ. ಭಾವ ಧಾರವಾಡದ ಕಡೆಯವರು. ಪಾತ್ರೆಗೆ ಬೆರಳು ಮುಟ್ಟಿಸಿ, "ಇದು ನೀರ ಕಾಸಾಕತ್ತಿಲ್ಲ, ಬರೇ ಗಾಳಿ ಕಾಸಾಕತ್ತೈತಿ" ಅಂದರು.

ತಗಡು ಸುತ್ತೋಣ ಅನ್ನಿಸುತ್ತೆ, ಅಲ್ವಾ? ಡಬ್ಬಿ ಮೇಲೆ ಕೂರುವ ಒಲೆಗೆ ಅದನ್ನು ಮಾಡಲೇಬಾರದು. ತಗಡಿನ ಒಳಗಿನ ಶಾಖ ಡಬ್ಬಿಗೂ ತಾಗುತ್ತೆ, ಒಳಗಿನ ಒತ್ತಡ ಏರುತ್ತೆ, ಡಬ್ಬಿ ಸಿಡಿಯಬಹುದು. ಪಾತ್ರೆ ತೀರಾ ಅಗಲವಾಗಿದ್ದರೂ ಇದೇ ಅಪಾಯ, ತಳದಿಂದ ಶಾಖ ಕೆಳಕ್ಕೆ ಹೊಡೆಯುತ್ತೆ. ನಾವು ಗಾಳಿ ಬರುವ ಕಡೆ ಮಾತ್ರ ಬೈಕಿನ ಪೆಟ್ಟಿಗೆ ಅಡ್ಡ ಇಟ್ಟೆವು, ಉಳಿದ ಕಡೆ ತೆರೆದೇ ಬಿಟ್ಟೆವು. ಆಗಾಗ ಡಬ್ಬಿಗೆ ಕೈ ಇಟ್ಟು ನೋಡುತ್ತಿದ್ದೆ. ತಣ್ಣಗಿದ್ದರೆ ಸರಿ, ಬಿಸಿ ತಾಗಿದರೆ ಆ ಕ್ಷಣವೇ ಆರಿಸಬೇಕು. ಅಷ್ಟು ಮಾಡಿದ ಮೇಲೆ ನೀರು ಕುದಿಯಿತು. ಆದರೆ ನದಿ ದಂಡೆಯ ಗಾಳಿ ಒಂದೇ ಕಡೆಯಿಂದ ಬರಲ್ಲ. ಅದು ತಿರುಗಿದಾಗಲೆಲ್ಲ ಅಕ್ಕ ಎದ್ದು ಪೆಟ್ಟಿಗೆ ಸರಿಸಬೇಕಾಯಿತು.

ಪಕ್ಕದಲ್ಲಿ ಜರ್ಮನಿಯ ಸೈಕಲ್ ಸವಾರನೊಬ್ಬ ಟೆಂಟ್ ಹಾಕಿದ್ದ. ಅವನ ಒಲೆಯಲ್ಲಿ ಹೊರಗೆ ಜ್ವಾಲೆಯೇ ಕಾಣುತ್ತಿರಲಿಲ್ಲ. ಜಾಲರಿಯ ಬರ್ನರ್ ಕೆಂಪಗೆ ಕಾಯುತ್ತೆ, ಪಾತ್ರೆಯ ತಳ ಅದರ ಮೇಲೆ ಸಂದಿಲ್ಲದೆ ಕೂರುತ್ತೆ. ಬರ್ನರಿಗೆ ಬೇಕಾದ ಗಾಳಿಯೆಲ್ಲ ಕೆಳಗಿನಿಂದ ಗ್ಯಾಸ್ ಜೊತೆಗೇ ಬೆರೆತು ಬರುತ್ತೆ, ಹಾಗಾಗಿ ಹೊರಗಿನ ಗಾಳಿಗೆ ಒಳಗೆ ಕೆಲಸ ಇಲ್ಲ. ಎಂಎಸ್‌ಆರ್ ಕಂಪನಿಯವರ ರಿಯಾಕ್ಟರ್, ವಿಂಡ್‌ಬರ್ನರ್ ಇದೇ ಜಾತಿಯವು. ನಾವು ಪೆಟ್ಟಿಗೆ ಸರಿಸುತ್ತಿರುವಾಗಲೇ ಅವನ ನೂಡಲ್ಸ್ ನೆಂದು ತಯಾರಾಗಿತ್ತು. ಅಕ್ಕ ಹತ್ತಿರ ಹೋಗಿ ಕುತೂಹಲದಿಂದ ನೋಡಿ, "ಇದರಲ್ಲಿ ಒಗ್ಗರಣೆ ಹಾಕಬಹುದಾ ಕೇಳು" ಅಂದಳು. ಕೇಳಿದೆ. ಸಣ್ಣ ಉರಿ ಇದಕ್ಕೆ ಒಗ್ಗಲ್ಲ, ಇದರದ್ದೇ ಪಾತ್ರೆ ಬಿಟ್ಟು ಬೇರೆ ಕೂರಲ್ಲ, ತಾನು ನೀರು ಕುದಿಸೋದು ಬಿಟ್ಟು ಇನ್ನೇನೂ ಮಾಡಲ್ಲ ಅಂದ. ಬಿಸಿನೀರು ಹೊಯ್ದರೆ ಆಗುವ ಊಟವೇ ಸಾಕು ಅನ್ನುವವರಿಗೆ ಗಾಳಿಯಲ್ಲಿ ಇದಕ್ಕಿಂತ ಒಳ್ಳೆಯ ಒಲೆ ನಾನು ನೋಡಿಲ್ಲ. ಈರುಳ್ಳಿ ಬಾಡಿಸಿ ಉಪ್ಪಿಟ್ಟು ಕೆದಕುವ ನಮಗೆ ಅದು ಆಗಿಬರುವುದಿಲ್ಲ.

ಸರ್ಚು

ದಾರ್ಚಾ ದಾಟಿದ ಮೇಲೆ ಮರ ಅನ್ನೋದು ಮುಗಿಯಿತು. ಜಿಂಗ್‌ಜಿಂಗ್‌ಬಾರ್ ಹತ್ತಿರ ರಸ್ತೆ ಕೆಲಸ ನಡೆದು ಗಾಡಿಗಳು ಸಾಲಾಗಿ ನಿಂತಿದ್ದವು. ಪಕ್ಕದಲ್ಲೇ ಕೆಲಸಗಾರರ ಗುಡಿಸಲು. ಜಾರ್ಖಂಡದ ದುಮ್ಕಾ ಕಡೆಯಿಂದ ಪ್ರತಿ ವರ್ಷ ಜನ ಈ ರಸ್ತೆ ಕೆಲಸಕ್ಕೆ ಬರುತ್ತಾರೆ. ಇಬ್ಬರು ಹುಡುಗರು ಖಾಲಿ ಡಾಂಬರ್ ಡ್ರಮ್ಮನ್ನು ಅಡ್ಡ ಮಲಗಿಸಿ ಅದರೊಳಗೆ ಸೀಮೆಎಣ್ಣೆಯ ಪಂಪ್ ಸ್ಟವ್ ಹಚ್ಚಿದ್ದರು. ಡ್ರಮ್ಮಿನ ಮುಚ್ಚಿದ ತಳ ಗಾಳಿಯ ಕಡೆಗೆ, ಬಾಯಿ ಈ ಕಡೆಗೆ. ಜ್ವಾಲೆ ಒಂಚೂರೂ ಅಲ್ಲಾಡದೆ ನೀಲಿಯಾಗಿ ನಿಂತಿತ್ತು. ಡ್ರಮ್ ಎಷ್ಟು ಆಳ ಇರಬೇಕು, ಸ್ಟವ್ ಎಷ್ಟು ಒಳಗೆ ಇರಬೇಕು ಅಂತ ಕೇಳಿದೆ. ಒಬ್ಬ ಮೊಳಕೈ ತೋರಿಸಿ, ಇಷ್ಟು ಒಳಗೆ ಸಾಕು, ಇನ್ನೂ ಒಳಗೆ ಹೋದರೆ ಹೊಗೆ ಕಟ್ಟುತ್ತೆ, ಉರಿ ಹಳದಿಯಾಗುತ್ತೆ ಅಂದ. ಅವನ ಮಾತು ಮುಂದೆ ನಮಗೆ ಸರಿಯಾಗಿ ಉಪಯೋಗಕ್ಕೆ ಬಂತು. ಉರಿಗೆ ಗಾಳಿ ಬಡಿಯಬಾರದು, ಆದರೆ ಉಸಿರಾಡಲು ಗಾಳಿ ಬೇಕೇ ಬೇಕು.

ಸೂರಜ್ ತಾಲ್ ಸರೋವರ ಹಸಿರು ನೀಲಿಯಾಗಿ ಹೊಳೆಯುತ್ತಿತ್ತು. ಬಾರಾಲಾಚಾ ಲಾ (ಲಾ ಅಂದರೆ ಬೆಟ್ಟ ದಾಟುವ ಕಣಿವೆದಾರಿ) ಮೇಲೆ, ಸುಮಾರು 4850 ಮೀಟರಿನಲ್ಲಿ, ಹಿಮದ ಹರಳು ಹೆಲ್ಮೆಟ್ಟಿಗೆ ಚಟಚಟ ಬಡಿಯಿತು. ನಿಲ್ಲದೆ ಇಳಿದೆವು.

ಸರ್ಚು ಅಂದರೆ ಊರಲ್ಲ. ತ್ಸಾರಪ್ ನದಿ ಕೊರೆದ ದೊಡ್ಡ ಬಯಲು, ಅಲ್ಲಲ್ಲಿ ಢಾಬಾ ಟೆಂಟುಗಳು, ಸುಮಾರು 4290 ಮೀಟರ್ ಎತ್ತರ. ನಾವು ಸೇರುವಾಗ ಮೂರು ಗಂಟೆ. ಟೆಂಟ್ ಹಾಕುವಾಗಲೇ ಒಂದು ಗೂಟ ಕಿತ್ತು, ಹೊರಹೊದಿಕೆ ಹಾರಿ ನದಿ ಕಡೆ ಓಡಿತು. ಭಾವ ಬೆನ್ನಟ್ಟಿ ಹಿಡಿದು ತಂದು ಏದುಸಿರು ಬಿಡುತ್ತಾ ಕೂತುಬಿಟ್ಟರು. ಈ ಎತ್ತರದಲ್ಲಿ ಓಡಬಾರದು ಅಂತ ಅಕ್ಕ ಗದರಿಸಿದಳು. ಉತ್ತರ ಕೊಡಲೂ ಅವರಿಗೆ ಉಸಿರಿರಲಿಲ್ಲ.

ಇಲ್ಲಿ ಪೆಟ್ರೋಲ್ ಒಲೆಯ ಸರದಿ. ನಮ್ಮ ಮನೆಗಳಲ್ಲಿ ಗ್ಯಾಸ್ ಬರುವ ಮೊದಲು ಪಂಪ್ ಸ್ಟವ್ ಇತ್ತಲ್ಲ, ಇದೂ ಅದೇ ವಂಶದ್ದು. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ 1892ರಲ್ಲಿ ಮಾಡಿದ ಪ್ರೈಮಸ್ ಇದಕ್ಕೆ ಮೂಲ. ತಟ್ಟೆಯಲ್ಲಿ ಸ್ವಲ್ಪ ಎಣ್ಣೆ ಉರಿಸಿ ಬರ್ನರ್ ತಲೆ ಕಾಯಿಸಬೇಕು. ಕಾದ ಕೊಳವೆಯಲ್ಲಿ ಇಂಧನ ಆವಿಯಾಗಿ ರಂಧ್ರದಿಂದ ಚಿಮ್ಮಿದಾಗ ನೀಲಿ ಉರಿ. ಒತ್ತಡ ಕೈಯಿಂದ ಪಂಪ್ ಹೊಡೆದು ಕೊಡುವುದರಿಂದ ಗ್ಯಾಸ್ ಡಬ್ಬಿಯ ಹಾಗೆ ಚಳಿಗೆ ಸೋಲುವುದಿಲ್ಲ. ಗಾಳಿಯ ವಿಷಯಕ್ಕೆ ಬಂದರೆ ಇದರ ದೊಡ್ಡ ಗುಣ ಎರಡು. ಬರ್ನರ್ ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗಿನಲ್ಲಿರುತ್ತೆ. ಇಂಧನದ ಬಾಟಲಿ ದೂರ ಇರೋದರಿಂದ ಬರ್ನರ್ ಸುತ್ತ ಧೈರ್ಯವಾಗಿ ತಗಡು ಸುತ್ತಬಹುದು.

ಆದರೆ ಪಂಪ್ ಒತ್ತಿದರೆ ಗಾಳಿ ಹಿಡಿಯಲಿಲ್ಲ. ಸುಮ್ನೆ ಒಳಗೆ ಹೊರಗೆ ಜಾರುತ್ತಿತ್ತು. ಬಿಚ್ಚಿ ನೋಡಿದರೆ ಚರ್ಮದ ವಾಷರ್ ಒಣಗಿ ಮುದುಡಿತ್ತು. ಇಂಥ ಒಣ ಹವೆಯಲ್ಲಿ ಅದು ಆಗುವಂಥದ್ದೇ. ಅಕ್ಕ ಕೊಬ್ಬರಿ ಎಣ್ಣೆ ಶೀಶೆ ತೆಗೆದಳು. ಅದು ಮನಾಲಿ ಬಿಡುವ ಮೊದಲೇ ಬೆಳ್ಳಗೆ ಗಟ್ಟಿಯಾಗಿತ್ತು. ಕೊನೆಗೆ ಬೈಕಿನ ಎಂಜಿನ್ ಆಯಿಲ್ ಒಂದು ಹನಿ ಹಾಕಿ, ಚರ್ಮವನ್ನು ಬೆರಳಿನಿಂದ ಅಗಲಿಸಿ ಕೂರಿಸಿದೆವು. ನಾಲ್ಕು ಸಲ ಒತ್ತುವಷ್ಟರಲ್ಲಿ ಕೈಗೆ ಬಿಗಿ ಸಿಕ್ಕಿತು. ಈ ಥರದ ಒಲೆ ಕೊಳ್ಳುವವರು ಅಂಗಡಿಯಲ್ಲೇ ಕೇಳಿ: ವಾಷರ್, ರಬ್ಬರ್ ರಿಂಗ್, ರಂಧ್ರ ಬಿಡಿಸುವ ಪಿನ್ ಬಿಡಿಯಾಗಿ ಸಿಗುತ್ತಾ? ಸಿಗದಿದ್ದರೆ ಒಲೆ ಎಷ್ಟು ಚೆನ್ನಾಗಿದ್ದರೂ ಬೇಡ ಅನ್ನಿ.

ಅಂಗೈ ಆಳದ ಗುಂಡಿ ತೋಡಿ, ಗಾಳಿಯ ಕಡೆ ಕಲ್ಲು ಜೋಡಿಸಿ, ಬರ್ನರ್ ಸುತ್ತ ಮಡಚುವ ಅಲ್ಯೂಮಿನಿಯಂ ತಗಡು ನಿಲ್ಲಿಸಿದೆವು. ತಗಡಿಗೂ ಪಾತ್ರೆಗೂ ನಡುವೆ ಒಂದು ಬೆರಳಿನಷ್ಟು ಸಂದು, ಕೆಳಗೆ ಗಾಳಿ ಎಳೆದುಕೊಳ್ಳಲು ಸ್ವಲ್ಪ ಜಾಗ. ಲೈಟರಿನ ಚಿಟಕಿ ಕಿಡಿ ಈ ಎತ್ತರದಲ್ಲಿ ಹತ್ತಲಿಲ್ಲ, ಬೆಂಕಿಪೊಟ್ಟಣವೇ ಗತಿ. ಮೊದಲು ಮೊಳದುದ್ದ ಹಳದಿ ಜ್ವಾಲೆ ಎದ್ದಿತು, ಆಮೇಲೆ ತಗ್ಗಿ ನೀಲಿಯಾಗಿ ಮೊರೆಯತೊಡಗಿತು. ಟೆಂಟಿನ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಒಲೆಯ ಉರಿ ಮಾತ್ರ ನೇರ ನಿಂತಿತ್ತು.

ಪೆಟ್ರೋಲಿನ ಮಸಿ ಹಿಡಿಯದಿರಲಿ ಅಂತ ಅಕ್ಕ ಪಾತ್ರೆ ತಳಕ್ಕೆ ಮೊದಲೇ ಒದ್ದೆ ಮಣ್ಣು ಬಳಿದಿದ್ದಳು. ಊರಲ್ಲಿ ಸೌದೆ ಒಲೆಗೆ ಇಡುವ ಮುಂಚೆ ಮಾಡುತ್ತಿದ್ದ ಕೆಲಸ ಇಲ್ಲೂ ನಡೆಯಿತು. ಸರ್ಚುವಿನಲ್ಲಿ ನೀರು 86 ಡಿಗ್ರಿ ಹತ್ತಿರವೇ ಕುದಿಯುತ್ತೆ, ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತು ಇಟ್ಟರೂ ಬೇಯಲ್ಲ. ನಮ್ಮ ಹತ್ತಿರ ಒಂದೂವರೆ ಲೀಟರಿನ ಕುಕ್ಕರ್ ಇತ್ತು. ಒಳಗಿನ ಒತ್ತಡಕ್ಕೆ ನೀರು ನೂರು ಡಿಗ್ರಿ ದಾಟುತ್ತೆ. ತೊಗರಿಬೇಳೆ, ಅಕ್ಕಿ, ಸಾರಿನ ಪುಡಿ ಎಲ್ಲ ಒಟ್ಟಿಗೆ ಹಾಕಿದೆವು. ಸೀಟಿ ಹೊಡೆದಾಗ ಪಕ್ಕದ ಢಾಬಾದ ಲಡಾಖಿ ಹೆಂಗಸು ಹೊರಗೆ ಬಂದು ಇಣುಕಿದರು. "ಜುಲೇ, ಅಮಾ ಲೇ" ಅಂದೆವು. ನಗುತ್ತಾ ಹತ್ತಿರ ಬಂದು ಕಲ್ಲಿನ ಗೋಡೆ ನೋಡಿ, ಎರಡು ಕಲ್ಲು ತೆಗೆದು ಮೂಲೆಗೆ ಜೋಡಿಸಿದರು. ಗೋಡೆ ನೆಟ್ಟಗಿದ್ದರೆ ಗಾಳಿ ಪಕ್ಕದಿಂದ ಸುತ್ತಿ ಒಳಗೆ ಬರುತ್ತೆ, ಬಾಗಿಸಿ ಕಟ್ಟಬೇಕು ಅಂತ ಹಿಂದಿಯಲ್ಲಿ ಹೇಳಿದರು. ಒಂದು ಸೌಟು ಬೇಳೆಸಾರು ಕೊಟ್ಟೆವು. ಹುಳಿ ಅಂತ ಮುಖ ಕಿವುಚಿದರೂ ಪೂರ್ತಿ ಕುಡಿದರು. ನಮಗೆ ಅವರಿಂದ ಉಪ್ಪು, ಬೆಣ್ಣೆ ಹಾಕಿದ ಚಹಾ ಬಂತು.

ರಾತ್ರಿ ಚಳಿ ಏರಿದಾಗ ಒಲೆಯನ್ನು ಟೆಂಟಿನೊಳಗೆ ತರೋಣ ಅನ್ನುವ ಆಸೆ ಯಾರಿಗಾದರೂ ಬರುತ್ತೆ. ತರಬೇಡಿ. ಬೆಂಕಿ ಹತ್ತುವುದು ಒಂದು ಅಪಾಯ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅದಕ್ಕಿಂತ ದೊಡ್ಡದು. ಎತ್ತರದ ತಲೆನೋವು ಯಾವುದು, ಅದರ ತಲೆನೋವು ಯಾವುದು ಅಂತ ಗೊತ್ತೂ ಆಗುವುದಿಲ್ಲ. ನಾವು ಸಂಜೆಯೇ ನೀರು ಕಾಯಿಸಿ ಥರ್ಮಾಸ್ ತುಂಬಿಟ್ಟಿದ್ದೆವು.

ಬೆಳಗ್ಗೆ ಬಾಟಲಿಯ ನೀರು ಮೇಲೆ ಹೆಪ್ಪುಗಟ್ಟಿತ್ತು. ಗಾಳಿಯ ಸುಳಿವೇ ಇಲ್ಲ. ರಾತ್ರಿ ಸ್ಲೀಪಿಂಗ್ ಬ್ಯಾಗಿನಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದ ಗ್ಯಾಸ್ ಡಬ್ಬಿ ತೆಗೆದು ಪುಟ್ಟ ಬರ್ನರ್ ಹಚ್ಚಿದೆ. ಉರಿ ಸಣ್ಣಗಾದಾಗ ಡಬ್ಬಿಯನ್ನು ತಣ್ಣೀರಿನ ತಟ್ಟೆಯಲ್ಲಿ ನಿಲ್ಲಿಸಿದೆ. ಆ ನೀರು ಡಬ್ಬಿಗಿಂತ ಬೆಚ್ಚಗಿರೋದರಿಂದ ಉರಿ ಮತ್ತೆ ಏರುತ್ತೆ. ಗಾಳಿಯಿಲ್ಲದ ಬೆಳಗಿನಲ್ಲಿ ಅದೇ ಪುಟ್ಟ ಒಲೆ ಫಿಲ್ಟರ್ ಕಾಫಿಗೆ ಬೇಕಾದ ನೀರನ್ನು ಚಕಚಕ ಕುದಿಸಿಕೊಟ್ಟಿತು. ಈ ದಾರಿಯಲ್ಲಿ ಹೋಗುವವರು ದಿನದ ದೊಡ್ಡ ಅಡುಗೆಯನ್ನು ಬೆಳಗ್ಗೆಯೇ ಮುಗಿಸಿಕೊಳ್ಳಿ. ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಂಡರೆ ಅರ್ಧ ಇಂಧನ ಉಳಿಯುತ್ತೆ.

ಪಾಂಗ್ ದಾಟಿ ಮೋರೆ ಬಯಲು

ಗಾಟಾ ಲೂಪ್ಸ್‌ನ 21 ತಿರುವು, ನಕೀ ಲಾ, ಲಾಚುಲುಂಗ್ ಲಾ ಎಲ್ಲ ಒಂದೇ ಬೆಳಗ್ಗೆ. ಪಾಂಗ್‌ನಲ್ಲಿ ರಾಜ್ಮಾ ಅನ್ನ ತಿಂದು, ತಲೆನೋವು ಅಂದ ಭಾವನಿಗೆ ಒಂದು ಗಂಟೆ ಮಲಗಲು ಬಿಟ್ಟು ಹೊರಟೆವು.

ಪಾಂಗ್ ಮೇಲಿನ ಏರು ಹತ್ತಿದರೆ ಮೋರೆ ಬಯಲು. 4700 ಮೀಟರ್ ಆಸುಪಾಸಿನಲ್ಲಿ ಸುಮಾರು 40 ಕಿಲೋಮೀಟರ್ ನೇರ ಚಾಚಿದ ನೆಲ. ಎರಡೂ ಕಡೆ ಕಂದು ಬೆಟ್ಟ, ನಡುವೆ ತಡೆ ಅನ್ನೋದೇ ಇಲ್ಲ. ಬೈಕನ್ನು ಗಾಳಿಯ ಕಡೆ ವಾಲಿಸಿಕೊಂಡೇ ಓಡಿಸಬೇಕು. ಸ್ಪಿರಿಟ್ ಒಲೆ ಹಚ್ಚಲು ಇದಕ್ಕಿಂತ ಕಷ್ಟದ ಜಾಗ ಸಿಗಲ್ಲ ಅಂತ ನಿಲ್ಲಿಸಿದೆವು. ಅಡ್ಡ ಬೈಕುಗಳನ್ನೂ ಇಡಲಿಲ್ಲ.

ಈ ಒಲೆಯ ಗೋಡೆಯಲ್ಲಿ ಕೆಳಗೆ ತೂತುಗಳಿವೆ. ಅವನ್ನು ಗಾಳಿ ಬರುವ ದಿಕ್ಕಿಗೇ ತಿರುಗಿಸಿ ಇಡಬೇಕು. ಗಾಳಿ ಕೆಳಗಿನಿಂದ ಒಳಗೆ ಹೋಗಿ ಉರಿಯನ್ನು ಮೇಲಕ್ಕೆ ಒತ್ತುತ್ತೆ. ಪಾತ್ರೆ ಗೋಡೆಯ ಒಳಗೇ ಇಳಿದು ಕೂರೋದರಿಂದ ಶಾಖ ಹೊರಗೆ ಓಡುವುದಿಲ್ಲ. ಗಾಳಿ ಜೋರಾದಷ್ಟೂ ಇದು ಜೋರಾಗಿ ಉರಿಯಿತು. ಪಂಪ್ ಇಲ್ಲ, ರಂಧ್ರ ಇಲ್ಲ, ಕೆಡುವಂಥದ್ದು ಏನೂ ಇಲ್ಲ. ನನಗೆ ಇದರ ಮೇಲೆ ತುಂಬ ಗೌರವ ಹುಟ್ಟಿತು. ಆದರೆ ಚಳಿಗೆ ಸ್ಪಿರಿಟ್ ಬೇಗ ಹತ್ತಿಕೊಳ್ಳಲ್ಲ, ಕಾಲು ಗಂಟೆ ಆದರೂ ಮೂರು ಲೋಟ ನೀರು ಕುದಿಯಲಿಲ್ಲ. ಒಂದು ಕಿಲೋ ಸ್ಪಿರಿಟ್ಟಿನಲ್ಲಿರುವ ಶಾಖ ಒಂದು ಕಿಲೋ ಪೆಟ್ರೋಲಿನಲ್ಲಿರುವ ಶಾಖದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಅಂದರೆ ಹೊರೆ ಹೆಚ್ಚು. ಬಿಸಿಲಲ್ಲಿ ಇದರ ಉರಿ ಕಣ್ಣಿಗೆ ಕಾಣಲ್ಲ. ಆರಿದೆ ಅಂದುಕೊಂಡು ಮತ್ತೆ ಸುರಿದರೆ ಕೈಯೇ ಸುಡುತ್ತೆ. ಮುಚ್ಚಳ ಹಾಕಿ, ಮುಟ್ಟಿ ತಣ್ಣಗಾಗಿದೆ ಅಂತ ಖಾತ್ರಿ ಮಾಡಿಕೊಂಡೇ ತುಂಬಬೇಕು.

ತ್ಸೋ ಕಾರ್

ಡೆಬ್ರಿಂಗ್‌ನಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಹೋದರೆ ತ್ಸೋ ಕಾರ್ ಸರೋವರ. ದಂಡೆಯೆಲ್ಲ ಬಿಳಿ ಉಪ್ಪು, ದೂರದಲ್ಲಿ ಕ್ಯಾಂಗ್ ಅನ್ನುವ ಕಾಡುಕತ್ತೆಗಳ ಹಿಂಡು. 2020ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಕಾಪಾಡಬೇಕಾದ ಜೌಗು ನೆಲಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿದ ಜಾಗ ಇದು, ಕಪ್ಪು ಕತ್ತಿನ ಕೊಕ್ಕರೆಗಳು ಇಲ್ಲಿ ಮರಿ ಮಾಡುತ್ತವೆ. ನೀರಿನ ಹತ್ತಿರ ಟೆಂಟ್ ಹಾಕುವುದು ಸರಿಯಲ್ಲ. ಥುಕ್ಜೆ ಹಳ್ಳಿಯ ಮನೆಯೊಂದರ ಅಂಗಳದಲ್ಲಿ ಉಳಿದೆವು.

ಮನೆಯವರು ಹತ್ತಿರದಲ್ಲೇ ಬೀಡುಬಿಟ್ಟಿದ್ದ ಚಾಂಗ್ಪಾ ನೆಂಟರ, ಅಂದರೆ ಅಲೆಮಾರಿ ಕುರಿಗಾಹಿಗಳ, ಟೆಂಟಿಗೆ ಕರೆದುಕೊಂಡು ಹೋದರು. ಯಾಕ್ ಕೂದಲಿನಿಂದ ನೇಯ್ದ ಕಪ್ಪು ಟೆಂಟು, ನಡುವೆ ಒಲೆ, ನೆತ್ತಿಯಲ್ಲಿ ಹೊಗೆ ಹೋಗಲು ಉದ್ದನೆಯ ಸಂದು. ಒಣ ಸಗಣಿಯ ಬೆಂಕಿ. ಅಜ್ಜಿ ಆಡಿನ ಚರ್ಮದ ತಿದಿ ಒತ್ತುತ್ತಿದ್ದರು. ಹೊರಗೆ ಅಷ್ಟೊಂದು ಗಾಳಿ ಇದ್ದರೂ ಅದನ್ನು ಒಳಗೆ ಬಿಡದೆ, ತಮಗೆ ಬೇಕಾದಷ್ಟನ್ನೇ ಬೇಕಾದ ಕಡೆಗೆ ಊದುತ್ತಿದ್ದರು. ಭಾವ ತಾವೂ ಒತ್ತಿ ನೋಡಿದರು. ಬೂದಿ ಎದ್ದು ಚಹಾದ ಪಾತ್ರೆಗೆ ಬಿತ್ತು. ಅಜ್ಜಿ ಬೈಯದೆ ಅವರ ಕೈ ಹಿಡಿದು, ನಿಧಾನ ನಿಧಾನ ಅಂತ ಲಯ ಹೇಳಿಕೊಟ್ಟರು.

ಸಂಜೆ ಅಕ್ಕ ಪೆಟ್ರೋಲ್ ಒಲೆ ಮೇಲೆ ಉಪ್ಪಿಟ್ಟು ಮಾಡಿದಳು. ಉರಿ ತಗ್ಗಿಸಬೇಕಾದಾಗ ಇದು ಸ್ವಲ್ಪ ಹಟ ಮಾಡುತ್ತೆ. ಬಾಟಲಿಯ ಒತ್ತಡ ಕಡಿಮೆ ಇಟ್ಟು ಹಚ್ಚಿದರೆ ಮಾತು ಕೇಳುತ್ತೆ ಅಂತ ಅವಳೇ ಕಂಡುಕೊಂಡಳು. ರವೆ ಹುರಿದ ಘಮ ಬಂದಾಗ ಮನೆಯ ಮಕ್ಕಳೂ ತಟ್ಟೆ ಹಿಡಿದು ಬಂದರು.

"ಇನ್ನ ಬ್ಯಾರೆ ನೋಡೂದ ಬ್ಯಾಡ" ಅಂದರು ಭಾವ. "ಟ್ಯಾಂಕಿನ್ಯಾಗ ಪೆಟ್ರೋಲ ಹೆಂಗೂ ಇರತೈತಿ." ಅಕ್ಕನೂ ಒಪ್ಪಿದಳು. ಬೈಕಿನವರಿಗೆ ಇದೇ ಸರಿ ಅಂತ ನನಗೂ ಅನ್ನಿಸಿತು. ನಾನು ಹೆಚ್ಚಾಗಿ ನಡೆದು ಹೋಗುವ ಜಾತಿ. ನನಗೆ ಬೇಕಾದದ್ದು ಕೊಳವೆ ಇರುವ ಗ್ಯಾಸ್ ಒಲೆ. ಅದರಲ್ಲೂ ಬರ್ನರ್ ಪಕ್ಕ ಕಾಯುವ ಲೋಹದ ಕೊಳವೆ ಇದ್ದರೆ, ಚಳಿಯಲ್ಲಿ ಡಬ್ಬಿಯನ್ನು ತಲೆಕೆಳಗಾಗಿಸಿ ದ್ರವವನ್ನೇ ಕಳಿಸಬಹುದು. ತಗಡೂ ಸುತ್ತಬಹುದು, ಒಗ್ಗರಣೆಯೂ ಆಗುತ್ತೆ. ತೂಕ ತೀರಾ ಕಡಿಮೆ ಬೇಕು ಅನ್ನುವವರು ಡಬ್ಬಿ ಮೇಲೆ ಕೂರುವುದನ್ನೇ ಕೊಳ್ಳಲಿ. ಆದರೆ ಬರ್ನರಿನ ತಲೆ ಒಳಕ್ಕೆ ತಗ್ಗಿ ಸುತ್ತ ಅಂಚು ಇರುವುದನ್ನು, ಪಾತ್ರೆಗೂ ಉರಿಗೂ ಅಂತರ ಕಡಿಮೆ ಇರುವುದನ್ನು ಆರಿಸಲಿ. ಸೋಟೋದವರ ವಿಂಡ್‌ಮಾಸ್ಟರ್ ಅಂಥದ್ದು. ಎಷ್ಟು ವಾಟ್ ಅಂತ ಅಂಗಡಿಯವರು ಮೊದಲು ಹೇಳುತ್ತಾರೆ. ನೀವು ಪಾತ್ರೆ ಇಟ್ಟು, ಬಗ್ಗಿ, ಆ ಅಂತರ ನೋಡಿ.

ಲೇಹ್

ತಂಗ್ಲಂಗ್ ಲಾ, 5328 ಮೀಟರ್. ಮೇಲೆ ಐದು ನಿಮಿಷ ನಿಂತು ಇಳಿದೆವು. ರುಮ್ತ್ಸೆ ಬಂದ ಮೇಲೆ ಬಾರ್ಲಿ ಹೊಲ, ಪಾಪ್ಲರ್ ಮರ, ಉಪ್ಶಿಯಲ್ಲಿ ಸಿಂಧೂ ನದಿ. ಎಷ್ಟೋ ಹೊತ್ತಿನ ಮೇಲೆ ಹಸಿರು ಕಂಡು ಕಣ್ಣಿಗೆ ಹಿತ ಆಯಿತು.

ಅಕ್ಕ, ಭಾವ ಲೇಹ್‌ನಿಂದ ಶ್ರೀನಗರದ ದಾರಿ ಹಿಡಿದು ಬೈಕಿನಲ್ಲೇ ಮುಂದೆ ಹೊರಟರು. ಪೆಟ್ರೋಲ್ ಒಲೆ ಅವರ ಜೊತೆ ಹೋಯಿತು. ವಿಮಾನ ಹತ್ತಬೇಕಿದ್ದ ನಾನು ಗ್ಯಾಸ್ ಡಬ್ಬಿ ಬಿಟ್ಟು ಬರಲೇಬೇಕಿತ್ತು. ನಾವು ಉಳಿದ ಮನೆಯಲ್ಲೇ ಪುಣೆಯ ಇಬ್ಬರು ಹುಡುಗಿಯರು ಮನಾಲಿ ಕಡೆ ಸೈಕಲ್ ತುಳಿಯಲು ತಯಾರಾಗುತ್ತಿದ್ದರು. ಎಷ್ಟು ಗ್ಯಾಸ್ ಉಳಿದಿದೆ ಅಂತ ಕೇಳಿದರು. ಬಕೆಟ್ ನೀರಿನಲ್ಲಿ ಡಬ್ಬಿ ತೇಲಿಸಿದೆವು. ತುಂಬಿದ್ದರೆ ಆಳಕ್ಕೆ ಮುಳುಗುತ್ತೆ, ಖಾಲಿಯಾದಷ್ಟೂ ಮೇಲೆ ತೇಲುತ್ತೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇತ್ತು. ನೀರು ನಿಂತ ಜಾಗಕ್ಕೆ ಮಾರ್ಕರಿನಿಂದ ಗೆರೆ ಎಳೆದು ಅವರಿಗೆ ಕೊಟ್ಟೆ. ಅವರದ್ದೂ ಡಬ್ಬಿ ಮೇಲೆ ಕೂರುವ ಬರ್ನರೇ ಆಗಿತ್ತು, ಹಾಗಾಗಿ ತಗಡು ಸುತ್ತಬೇಡಿ, ಸರ್ಚುವಿನಲ್ಲಿ ಬೆಳಗ್ಗೆಯೇ ಅಡುಗೆ ಮುಗಿಸಿಕೊಳ್ಳಿ ಅಂತ ಎರಡೆರಡು ಸಲ ಹೇಳಿದೆ.